ಸಾಲ ಕಟ್ಟೋದು ಕಷ್ಟ ಆದಾಗ: ರೈತರು, ಸಣ್ಣ ವ್ಯಾಪಾರಸ್ಥರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೆಚ್ಚು ವರ್ಷ ಹಳ್ಳಿ ಶಾಖೆಗಳಲ್ಲೇ ಕಳೆದೆ. ಈಗಲೂ ಜನ ಪಾಸ್‌ಬುಕ್, ನೋಟಿಸ್ ಹಿಡಿದುಕೊಂಡು ಮನೆಗೆ ಬರುತ್ತಾರೆ, ಪತ್ರ ಬರೆಯುತ್ತಾರೆ, ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚೂಕಡಿಮೆ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ, ಅವರು ಕೇಳಿದ ಮಾತಿನಲ್ಲೇ. ಕಷ್ಟಕ್ಕೆ ಸಿಕ್ಕಿದ ಸಾಲಗಾರನಿಗೆ ನಿಯಮದಲ್ಲೇ ಹಲವು ದಾರಿಗಳಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ವಾಯಿದೆ ಮೀರುವ ಮೊದಲೇ ಹೋಗಿ, ಬರೆದು ಕೊಟ್ಟು ಕೇಳಿದವರಿಗೆ ಮಾತ್ರ ತೆರೆಯುತ್ತವೆ. ಇದನ್ನು ನೋಡಿ ನೋಡಿ ಹೊಟ್ಟೆ ಉರಿದೇ ಇದನ್ನು ಬರೆಯುತ್ತಿದ್ದೇನೆ.

## ಸಾಲ ತೆಗೆಯುವಾಗ

ಬೆಳೆಸಾಲದ ಬಡ್ಡಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಸೊನ್ನೆನಾ, ನಾಲ್ಕಾ, ಏಳಾ?

ಮೂರೂ ನಿಜ. ಎಲ್ಲಿ ತೆಗೆದಿರಿ, ಯಾವಾಗ ಕಟ್ಟಿದಿರಿ ಅನ್ನೋದರ ಮೇಲೆ ಹೋಗುತ್ತದೆ.

ಕರ್ನಾಟಕದಲ್ಲಿ ಸೊಸೈಟಿ (ಊರಿನ ಸಹಕಾರ ಸಂಘ) ಮತ್ತು ಡಿಸಿಸಿ ಬ್ಯಾಂಕಿನ (ಜಿಲ್ಲಾ ಸಹಕಾರ ಬ್ಯಾಂಕು) ಬೆಳೆಸಾಲಕ್ಕೆ ಬಡ್ಡಿಯನ್ನು ರಾಜ್ಯ ಸರ್ಕಾರ ಕಟ್ಟುತ್ತದೆ, ಅದಕ್ಕೆ ಸೊನ್ನೆ. ಇದರ ಮಿತಿ ಮೊದಲು 3 ಲಕ್ಷ ಇತ್ತು, 2023-24ರ ಬಜೆಟ್‌ನಲ್ಲಿ 5 ಲಕ್ಷಕ್ಕೆ ಏರಿಸಿದರು. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡಿನ (ಕೆಸಿಸಿ) ಮೇಲೆ 3 ಲಕ್ಷದವರೆಗೆ 7%. ವಾಯಿದೆಯೊಳಗೆ ಕಟ್ಟಿದರೆ ಅದರಲ್ಲಿ 3% ವಾಪಸ್ ಬಂದು 4% ಆಗುತ್ತದೆ. 3 ಲಕ್ಷ ಪೂರ್ತಿ ತೆಗೆದವರಿಗೆ ವರ್ಷಕ್ಕೆ 12,000 ಎಲ್ಲಿ, 21,000 ಎಲ್ಲಿ. ವಾಯಿದೆ ತಪ್ಪಿತೋ, ಸೊನ್ನೆಯೂ ಹೋಯಿತು, ನಾಲ್ಕೂ ಹೋಯಿತು. ಆಮೇಲೆ ಮಾಮೂಲಿ ಬಡ್ಡಿ. ಹಾಗಾಗಿ ವಾಯಿದೆ ತಾರೀಖನ್ನು ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಡಿ.

ಸೊಸೈಟಿಯಲ್ಲಿ ದುಡ್ಡೇ ಇಲ್ಲ ಅಂತಾರೆ. ಬೇಕಂತಲೇ ಸತಾಯಿಸ್ತಿದ್ದಾರಾ?

ಎಲ್ಲ ಕಡೆ ಹಾಗಲ್ಲ. ಸೊಸೈಟಿಗೆ ಹಣ ಡಿಸಿಸಿ ಬ್ಯಾಂಕಿನಿಂದ, ಅದಕ್ಕೆ ರಾಜ್ಯಮಟ್ಟದ ಅಪೆಕ್ಸ್ ಬ್ಯಾಂಕಿನಿಂದ, ಅಪೆಕ್ಸ್‌ಗೆ ಒಂದು ಪಾಲು ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್‌ನಿಂದ ಬರುತ್ತದೆ. 2023-24ರಲ್ಲಿ ಕರ್ನಾಟಕಕ್ಕೆ ನಬಾರ್ಡ್‌ನ ಈ ಮರುಸಾಲ 5,600 ಕೋಟಿ ಇತ್ತು, ಮರುವರ್ಷ ಅದು 2,340 ಕೋಟಿಗೆ ಇಳಿಯಿತು. ಮೇಲೆ ನೀರು ಕಡಿಮೆ ಬಿಟ್ಟರೆ ಕಾಲುವೆಯ ಕೊನೆಯ ಹೊಲಕ್ಕೆ ಏನು ಸಿಕ್ಕೀತು? ಸೊಸೈಟಿಯಲ್ಲಿ ಸಿಗದಿದ್ದರೆ ವಾಣಿಜ್ಯ ಬ್ಯಾಂಕಿಗೋ ಗ್ರಾಮೀಣ ಬ್ಯಾಂಕಿಗೋ ಹೋಗಿ ಕೆಸಿಸಿಗೆ ಅರ್ಜಿ ಕೊಡಿ. ಒಂದೇ ಬೆಳೆಗೆ ಎರಡು ಕಡೆ ಮಾತ್ರ ತೆಗೆಯಬೇಡಿ. ಪಹಣಿಯ 11ನೇ ಕಲಂನಲ್ಲಿ ಬೋಜಾ (ಜಮೀನಿನ ಮೇಲಿನ ಸಾಲದ ನಮೂದು) ಕೂತಿರುತ್ತದೆ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಹಾಕಿದರೂ ಗೊತ್ತಾಗುತ್ತದೆ.

ಎಷ್ಟು ಸಾಲ ಕೊಡಬೇಕು ಅನ್ನೋದು ಮ್ಯಾನೇಜರ್ ಇಷ್ಟಾನಾ?

ಅಲ್ಲ. ಪ್ರತಿ ಜಿಲ್ಲೆಯಲ್ಲೂ ಒಂದು ತಾಂತ್ರಿಕ ಸಮಿತಿ ಕೂತು, ಯಾವ ಬೆಳೆಗೆ ಎಕರೆಗೆ ಎಷ್ಟು ಖರ್ಚು ಅಂತ ನಿಗದಿ ಮಾಡುತ್ತದೆ. ಅದನ್ನೇ ಸ್ಕೇಲ್ ಆಫ್ ಫೈನಾನ್ಸ್ ಅನ್ನುತ್ತಾರೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಎಕರೆಗೆ 40,000 ಇಟ್ಟುಕೊಳ್ಳಿ. ಮೂರು ಎಕರೆಗೆ 1,20,000. ಅದರ ಮೇಲೆ ಮನೆ ಖರ್ಚು, ಕಟಾವಿನ ನಂತರದ ಖರ್ಚಿಗೆ 10%, ಪಂಪ್‌ಸೆಟ್ಟು ಮತ್ತಿತರ ಸಾಮಾನಿನ ರಿಪೇರಿಗೆ 20%. ಒಟ್ಟು 1,56,000, ಮೇಲೆ ಬೆಳೆವಿಮೆ ಕಂತು. ಕಾರ್ಡಿನ ಅವಧಿ ಐದು ವರ್ಷ, ಮಿತಿ ವರ್ಷಾವರ್ಷ 10% ಏರುತ್ತದೆ. 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಜಮೀನಾಗಲಿ ಬೇರೆ ಆಸ್ತಿಯಾಗಲಿ ಅಡಮಾನ ಕೇಳುವಂತಿಲ್ಲ. ಮೊದಲು ಇದು 1.6 ಲಕ್ಷ ಇತ್ತು.

ಅರ್ಜಿ ಕೊಟ್ಟರೆ ಸ್ವೀಕೃತಿ ಚೀಟಿ ಕೇಳಿ. ಆಗಲ್ಲ ಅಂದರೆ ಕಾರಣವನ್ನು ಬರೆದು ಕೊಡಲು ಕೇಳಿ. ಇದು ಜಗಳವಲ್ಲ, ನಿಮ್ಮ ಹಕ್ಕು. ಬಾಯಿಮಾತಲ್ಲಿ "ಆಗಲ್ಲ ಹೋಗಿ" ಅಂದವರು, ಬರೆದುಕೊಡಿ ಅಂದ ಕೂಡಲೇ ಫೈಲ್ ತೆಗೆದು ನೋಡಿದ್ದನ್ನು ನಾನೇ ಕಂಡಿದ್ದೇನೆ.

ಜಮೀನು ಇನ್ನೂ ತಾತನ ಹೆಸರಲ್ಲೇ ಇದೆ. ಗುತ್ತಿಗೆಗೂ ಸ್ವಲ್ಪ ಮಾಡ್ತೀವಿ. ನಮಗೆ ಸಾಲ ಸಿಗಲ್ವಾ?

ತಾತನ ಜಮೀನಿಗೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾಯಿಸಿ, ಅದಿಲ್ಲದೆ ಸಾಲವೂ ಕಷ್ಟ, ಬೆಳೆ ಪರಿಹಾರವೂ ಕಷ್ಟ. ಗುತ್ತಿಗೆ ಜಮೀನಿನ ವಿಷಯ ಸಿಕ್ಕು. ಕೆಸಿಸಿ ನಿಯಮದಲ್ಲಿ ಗೇಣಿದಾರರಿಗೆ, ಬಾಯಿಮಾತಿನ ಗುತ್ತಿಗೆಯವರಿಗೆ, ಕೋರು (ಬೆಳೆಯಲ್ಲಿ ಪಾಲು) ಮಾಡುವವರಿಗೆ ಎಲ್ಲರಿಗೂ ಸಾಲ ಕೊಡಬಹುದು ಅಂತಿದೆ. ಆದರೆ ನಮ್ಮ ರಾಜ್ಯದಲ್ಲಿ 1974ರಿಂದ ಗೇಣಿ ಪದ್ಧತಿಯೇ ರದ್ದು, ಹಾಗಾಗಿ ಯಾವ ಭೂಮಾಲೀಕನೂ ಕಾಗದ ಬರೆದುಕೊಡಲ್ಲ. ಇಂಥವರು ನಾಲ್ಕರಿಂದ ಹತ್ತು ಜನ ಸೇರಿ ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡು ಬ್ಯಾಂಕಿಗೆ ಹೋಗಬಹುದು. ಒಬ್ಬರಿಗೊಬ್ಬರು ಜಾಮೀನು. ಜೊತೆಗೆ ಯಾರನ್ನು ಸೇರಿಸಿಕೊಳ್ಳುತ್ತೀರಿ ಅನ್ನೋದರಲ್ಲಿ ಮಾತ್ರ ಹುಷಾರು.

ಚಿಕ್ಕ ಅಂಗಡಿ, ಹೇಳಿಕೊಳ್ಳೋ ಆಸ್ತಿ ಏನೂ ಇಲ್ಲ. ಬ್ಯಾಂಕ್ ಒಳಗೆ ಬಿಟ್ಕೊಳ್ತಾರಾ?

ಬಿಟ್ಟುಕೊಳ್ಳಲೇಬೇಕು. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಕನಿಷ್ಠ 10 ಲಕ್ಷದವರೆಗೆ ಅಡಮಾನ ಕೇಳಬಾರದು ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ. ಸಣ್ಣ ವ್ಯಾಪಾರದವರಿಗಿರುವ ಕೇಂದ್ರದ ಮುದ್ರಾ ಸಾಲ ಯೋಜನೆಯಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ತೆಗೆದು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಇದೆ. ಅದಕ್ಕಿಂತ ದೊಡ್ಡ ಮೊತ್ತ ಬೇಕಾದರೆ ಸಣ್ಣ ಉದ್ಯಮದ ಸಾಲಕ್ಕೆ ಜಾಮೀನು ನಿಲ್ಲುವ ಸಿಜಿಟಿಎಂಎಸ್‌ಇ ಟ್ರಸ್ಟಿನ ಗ್ಯಾರಂಟಿಯಲ್ಲಿ ಕೊಡಿ ಅಂತ ಕೇಳಬಹುದು. ತಳ್ಳುಗಾಡಿ, ಬೀದಿ ಬದಿ ವ್ಯಾಪಾರದವರಿಗೆ ಪಿಎಂ ಸ್ವನಿಧಿ ಇದೆ: ಮೊದಲು 15,000, ತೀರಿಸಿದರೆ 25,000, ಆಮೇಲೆ 50,000.

ಬ್ಯಾಂಕಿನವರು ನೋಡುವುದು ನಿಮ್ಮ ಖಾತೆಯಲ್ಲಿ ವ್ಯಾಪಾರದ ದುಡ್ಡು ಓಡಾಡುತ್ತಿದೆಯಾ ಅಂತ. ಫೋನ್‌ಪೇಯಲ್ಲಿ ಬಂದದ್ದು ಹೆಂಡತಿ ಖಾತೆಗೆ, ನಗದು ಡಬ್ಬಿಗೆ, ಚೆಕ್ಕು ತಮ್ಮನ ಖಾತೆಗೆ ಹೋದರೆ ನಿಮ್ಮ ವ್ಯಾಪಾರ ಎಷ್ಟೇ ಇದ್ದರೂ ಕಾಗದದ ಮೇಲೆ ಕಾಣುವುದಿಲ್ಲ.

ಉದ್ಯಮ್ ನೋಂದಣಿಗೆ 2,000 ಕೇಳ್ತಿದ್ದಾರೆ, ಕೊಡಲಾ?

ಬೇಡ. ನಿಮ್ಮದು ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಿಸುವ ನೋಂದಣಿ ಅದು. ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಮುಗಿಯಿತು.

## ಕಂತು ತಪ್ಪುವ ಮೊದಲು

ಈ ಸಲ ಮಳೆ ಕೈಕೊಟ್ಟಿದೆ. ತಾಲೂಕು ಬರಪೀಡಿತ ಅಂತ ಪೇಪರಲ್ಲಿ ಬಂತು. ಬ್ಯಾಂಕಿನವರೇ ಕರೀತಾರಾ, ನಾವೇ ಹೋಗಬೇಕಾ?

ನೀವೇ ಹೋಗಬೇಕು. ಅದೂ ಬೇಗ. ಇದು ಈ ಇಡೀ ಬರಹದಲ್ಲಿ ಮುಖ್ಯವಾದ ಉತ್ತರ, ಸ್ವಲ್ಪ ನಿಧಾನವಾಗಿ ಓದಿ.

ಬರ, ನೆರೆ, ಆಲಿಕಲ್ಲು ಬಂದು ಬೆಳೆ 33% ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದೆ ಅಂತ ಸರ್ಕಾರ ಘೋಷಿಸಿದರೆ, ಬ್ಯಾಂಕುಗಳು ಆ ಭಾಗದ ಬೆಳೆಸಾಲಕ್ಕೆ ಹೊಸ ವಾಯಿದೆ ಕೊಡಬಹುದು. 2018ರ ಆರ್‌ಬಿಐ ನಿರ್ದೇಶನದಲ್ಲಿ ಇದರ ಲೆಕ್ಕ ಹೀಗಿದೆ. ನಷ್ಟ 33ರಿಂದ 50% ಒಳಗಿದ್ದರೆ ಎರಡು ವರ್ಷದವರೆಗೆ, 50% ಮತ್ತು ಮೇಲಿದ್ದರೆ ಐದು ವರ್ಷದವರೆಗೆ ಕಂತು ಮಾಡಿಕೊಡಬಹುದು. ಎರಡರಲ್ಲೂ ಮೊದಲ ಒಂದು ವರ್ಷ ಏನೂ ಕಟ್ಟಬೇಕಾಗಿಲ್ಲ. ಹೀಗೆ ಬದಲಾಯಿಸಿದ ಮೇಲೆ ಮುಂದಿನ ಬೆಳೆಗೆ ಹೊಸ ಸಾಲವನ್ನೂ ಕೊಡಬಹುದು.

ಇಲ್ಲೊಂದು ಮುಳ್ಳಿದೆ. ಬರ ಬಂದ ಹೊತ್ತಿಗೆ ಸಾಲ ಆಗಲೇ ಸುಸ್ತಿಯಾಗಿದ್ದರೆ, ಅಂದರೆ ವಾಯಿದೆ ಮೀರಿ ಬಾಕಿ ಬಿದ್ದಿದ್ದರೆ, ಈ ಸೌಲಭ್ಯಕ್ಕೆ ಬರುವುದಿಲ್ಲ. ಜೊತೆಗೆ, ಘೋಷಣೆಯಾದ ಮೂರು ತಿಂಗಳೊಳಗೆ ಬ್ಯಾಂಕು ಈ ಕೆಲಸ ಮುಗಿಸಬೇಕು. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ತಾಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ನಾನು ಬಲ್ಲ ಎಷ್ಟೋ ರೈತರು ಆ ವರ್ಷ ಬ್ಯಾಂಕಿನ ಕಡೆ ತಲೆ ಹಾಕಲಿಲ್ಲ. ಕಟ್ಟೋಕೆ ದುಡ್ಡಿಲ್ಲದೆ ಯಾವ ಮುಖ ಹೊತ್ತು ಹೋಗೋದು ಅಂತ ಸಂಕೋಚ. ಹೋಗಿದ್ದರೆ ಆ ಸಂಕೋಚದ ಬೆಲೆ ಉಳಿಯುತ್ತಿತ್ತು.

ಒಂದು ಹಾಳೆಯಲ್ಲಿ ಬರೆಯಿರಿ: ಖಾತೆ ನಂಬರು, ಸರ್ವೆ ನಂಬರು, ಬೆಳೆ, ಎಷ್ಟು ಹಾಳಾಯಿತು, "ನನ್ನ ಬೆಳೆಸಾಲವನ್ನು ಮಧ್ಯಮಾವಧಿ ಸಾಲವಾಗಿ ಬದಲಾಯಿಸಿಕೊಡಿ". ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಸೀಲು ಹಾಕಿಸಿಕೊಂಡು ಬನ್ನಿ. ಹೊಸ ಕಂತಿನ ಮೇಲೆ ಮೊದಲ ವರ್ಷ ಬಡ್ಡಿ ರಿಯಾಯಿತಿ ಉಳಿಯುತ್ತದೆ, ಎರಡನೇ ವರ್ಷದಿಂದ ಮಾಮೂಲಿ ಬಡ್ಡಿ ಅನ್ನೋದನ್ನೂ ಕೇಳಿ ತಿಳಿದುಕೊಳ್ಳಿ. ಶಾಖೆಯಲ್ಲಿ ಗೊತ್ತಿಲ್ಲ ಅಂದರೆ ಜಿಲ್ಲೆಯ ಎಲ್ಲ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ.

ಬೆಳೆವಿಮೆ ಕಟ್ಟಿದೀನಿ, ಸುಮ್ನೆ ಕೂತ್ರೆ ಬರುತ್ತಾ?

ಇಡೀ ಪಂಚಾಯಿತಿಯ ಇಳುವರಿ ಕಡಿಮೆಯಾದರೆ ಅದರ ಲೆಕ್ಕ ಬೆಳೆ ಕಟಾವು ಪ್ರಯೋಗದಿಂದ ಬರುತ್ತದೆ. ನಿಮ್ಮ ಹೊಲಕ್ಕೆ ಮಾತ್ರ ಆಲಿಕಲ್ಲು ಬಿದ್ದರೆ, ನೀರು ನಿಂತರೆ 72 ಗಂಟೆಯೊಳಗೆ ತಿಳಿಸಬೇಕು. ಇನ್ನೊಂದು ವಿಷಯ. 2020ರ ಮುಂಗಾರಿನಿಂದ ಸಾಲಗಾರರಿಗೂ ವಿಮೆ ಕಡ್ಡಾಯವಲ್ಲ. ಬೇಡ ಅಂದರೆ ಕೊನೆ ದಿನಕ್ಕೆ ಏಳು ದಿನ ಮೊದಲು ಬರೆದುಕೊಡಬೇಕು. ನನ್ನನ್ನು ಕೇಳಿದರೆ ಬಿಡಬೇಡಿ ಅಂತಲೇ ಹೇಳುತ್ತೇನೆ. ಮುಂಗಾರಿನ ಧಾನ್ಯಕ್ಕೆ ರೈತನ ಪಾಲು ವಿಮಾ ಮೊತ್ತದ 2% ಅಷ್ಟೇ.

ಮನ್ನಾ ಆಗುತ್ತೆ ಅಂತ ಊರಲ್ಲಿ ಮಾತು. ಕಟ್ಟದೆ ಕಾಯಲಾ?

ಕಾಯಬೇಡಿ. 2008ರಲ್ಲಿ ಕೇಂದ್ರ ಮಾಡಿತು, 2017ರಲ್ಲಿ ರಾಜ್ಯ ಸಹಕಾರಿ ಸಾಲಕ್ಕೆ 50,000ದವರೆಗೆ ಮಾಡಿತು, 2018ರಲ್ಲಿ ಬ್ಯಾಂಕಿನ ಸುಸ್ತಿ ಸಾಲಕ್ಕೆ 2 ಲಕ್ಷದವರೆಗೆ ಮಾಡಿತು. ನಿಜ. ಆದರೆ ಪ್ರತಿ ಸಲ ಒಂದು ಕಟ್ ಆಫ್ ತಾರೀಖು ಇರುತ್ತದೆ, ಅದು ಮುಂಚೆ ಯಾರಿಗೂ ಗೊತ್ತಿರುವುದಿಲ್ಲ. ಎರಡು ಮನ್ನಾಗಳ ನಡುವೆ ಸುಸ್ತಿಯಾಗಿ ಕೂತವರಿಗೆ ಬಡ್ಡಿ ರಿಯಾಯಿತಿ ಹೋಯಿತು, ಹೊಸ ಸಾಲ ನಿಂತಿತು, ಕೊನೆಗೆ ಮೀಟರ್ ಬಡ್ಡಿಯವರ ಕೈಗೆ ಬಿದ್ದರು.

ವಾಯಿದೆ ದಿನ ಕೈಸಾಲ ತಗೊಂಡು ಕಟ್ಟಿ, ಎರಡು ದಿನ ಬಿಟ್ಟು ವಾಪಸ್ ತೆಗೀತೀವಿ. ತಪ್ಪಾ?

ಊರೂರಲ್ಲಿ ಇದೇ ನಡೆಯುತ್ತಿದೆ. ಎರಡು ದಿನಕ್ಕೆ ಕೊಟ್ಟವನು ಸಾವಿರಾರು ರೂಪಾಯಿ ಮುರಿದುಕೊಳ್ಳುತ್ತಾನೆ, ಒಮ್ಮೊಮ್ಮೆ ಬ್ಯಾಂಕು ಮತ್ತೆ ಸಾಲ ಕೊಡುವುದು ತಡವಾಗಿ ಮೀಟರ್ ಓಡುತ್ತಲೇ ಇರುತ್ತದೆ. ಕೆಸಿಸಿ ಅನ್ನೋದು ಕ್ಯಾಶ್ ಕ್ರೆಡಿಟ್ ಖಾತೆ. ವರ್ಷಪೂರ್ತಿ ಹಾಕಿ ತೆಗೆದು ಮಾಡಬಹುದು. ರಾಗಿ ಮಾರಿದ ದುಡ್ಡು, ಡೇರಿ ದುಡ್ಡು ಬಂದ ಹಾಗೆ ಅದಕ್ಕೇ ಹಾಕಿ, ಬೇಕಾದಾಗ ತೆಗೆಯಿರಿ. ಹಾಕಿದಷ್ಟು ದಿನದ ಬಡ್ಡಿಯೂ ಉಳಿಯುತ್ತದೆ, ಒಂದೇ ದಿನ ಲಕ್ಷಗಟ್ಟಲೆ ಹೊಂದಿಸುವ ಒದ್ದಾಟವೂ ತಪ್ಪುತ್ತದೆ.

ವ್ಯಾಪಾರ ಅರ್ಧ ಆಗಿದೆ, ಓಡಿ (ಓವರ್‌ಡ್ರಾಫ್ಟ್) ಲಿಮಿಟ್ ತುಂಬಿ ನಿಂತಿದೆ. ನಮ್ಮಂಥವರಿಗೂ ಏನಾದ್ರೂ ಇದೆಯಾ?

ಇದೆ, ಆದರೆ ಯಾರೂ ಹೇಳಿರುವುದಿಲ್ಲ. ಕಷ್ಟದಲ್ಲಿರುವ ಸಣ್ಣ ಉದ್ಯಮಗಳನ್ನು ಮೇಲೆತ್ತಲು 2015ರಲ್ಲಿ ಕೇಂದ್ರ ಸರ್ಕಾರ ಒಂದು ವ್ಯವಸ್ಥೆ ಮಾಡಿತು, 2016ರ ಮಾರ್ಚ್‌ನಲ್ಲಿ ಆರ್‌ಬಿಐ ಅದನ್ನು ಬ್ಯಾಂಕುಗಳಿಗೆ ಅನ್ವಯ ಮಾಡಿತು. 25 ಕೋಟಿವರೆಗಿನ ಸಾಲಕ್ಕೆ ಇದು ಬರುತ್ತದೆ. ಬ್ಯಾಂಕೇ ಗುರುತಿಸಬೇಕು ಅಂತಿಲ್ಲ. ವ್ಯಾಪಾರ ಬೀಳುವ ಸೂಚನೆ ಕಂಡರೆ ನೀವೇ ಅರ್ಜಿ ಕೊಡಬಹುದು. 10 ಲಕ್ಷದವರೆಗಿನ ಸಾಲವನ್ನು ಶಾಖೆಯ ಮ್ಯಾನೇಜರೇ ನೋಡುತ್ತಾರೆ, ಮೇಲಿನದಕ್ಕೆ ಸಮಿತಿ ಇರುತ್ತದೆ. ಕಂತಿನ ಅವಧಿ ಉದ್ದ ಮಾಡುವುದು, ಕೆಲವು ತಿಂಗಳು ಕಂತು ಮುಂದೂಡುವುದು, ಅಗತ್ಯ ಕಂಡರೆ ಇನ್ನಷ್ಟು ದುಡ್ಡು ಕೊಡುವುದು ಎಲ್ಲ ಅದರಲ್ಲಿದೆ.

ಬರಿಗೈಲಿ ಹೋಗಬೇಡಿ. ಆರ್ಡರ್ ಎಷ್ಟಿದೆ, ಯಾರಿಂದ ಎಷ್ಟು ಬರಬೇಕು, ತಿಂಗಳಿಗೆ ನಿಜವಾಗಿ ಎಷ್ಟು ಕಟ್ಟಬಲ್ಲೆ ಅನ್ನುವ ಲೆಕ್ಕ ಒಂದು ಹಾಳೆಯಲ್ಲಿ ಇರಲಿ. ದೊಡ್ಡ ಮಾತು ಕೊಟ್ಟು ಎರಡನೇ ತಿಂಗಳೇ ತಪ್ಪಿಸುವುದಕ್ಕಿಂತ ಚಿಕ್ಕ ಕಂತು ಕೇಳಿ ಕಟ್ಟುವುದು ವಾಸಿ. ಸ್ಟಾಕ್ ಸ್ಟೇಟ್‌ಮೆಂಟ್ (ಕೈಲಿರುವ ಮಾಲಿನ ಲೆಕ್ಕ) ಬ್ಯಾಂಕಿಗೆ ಕೊಡುವುದನ್ನು ನಿಲ್ಲಿಸಬೇಡಿ. ಅದು ಹಳೆಯದಾದರೆ ವ್ಯಾಪಾರ ಚೆನ್ನಾಗಿದ್ದರೂ ಖಾತೆ ಕೆಡುತ್ತದೆ.

ಮಾಲು ಕೊಟ್ಟು ಆರು ತಿಂಗಳಾಯ್ತು, ದೊಡ್ಡ ಕಂಪನಿಯವರು ಬಿಲ್ ಕೊಡ್ತಿಲ್ಲ. ನಮ್ಮ ಕಂತು ಹೇಗೆ ಕಟ್ಟೋದು?

ಪೀಣ್ಯದ ಸಣ್ಣ ವರ್ಕ್‌ಶಾಪಿನವರಿಂದ ಹೆಚ್ಚು ಕೇಳುವ ಪ್ರಶ್ನೆ ಇದು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಏನೇ ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು. ತಪ್ಪಿದರೆ ಆರ್‌ಬಿಐ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕೆಂದೇ ಇರುವ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಉತ್ಪಾದನೆ ಮತ್ತು ಸೇವೆಯ ಉದ್ಯಮಗಳಿಗೆ ಇದು ಅನ್ವಯ, ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಇಲ್ಲ. ಗಿರಾಕಿ ಕೈತಪ್ಪುತ್ತಾನೆ ಅನ್ನುವ ಭಯ ನನಗೂ ಅರ್ಥವಾಗುತ್ತದೆ. ದೂರು ಬೇಡ ಅನ್ನಿಸಿದರೆ ಟ್ರೆಡ್ಸ್ ವೇದಿಕೆಯಲ್ಲಿ ಆ ಬಿಲ್ಲಿನ ಮೇಲೆ ಮುಂಚೆಯೇ ಹಣ ಪಡೆಯಬಹುದು, ಕಂಪನಿ ಅದರಲ್ಲಿ ನೋಂದಾಯಿಸಿರಬೇಕು.

## ಸುಸ್ತಿಯಾದ ಮೇಲೆ

ಎನ್‌ಪಿಎ ಆಗಿದೆ ಅಂದ್ರು. ಒಂದು ಕಂತು ಕಟ್ಟಿದ್ರೆ ಸರಿ ಹೋಗುತ್ತಾ?

ಹೋಗಲ್ಲ. ವ್ಯಾಪಾರದ ಸಾಲದ ಕಂತು 90 ದಿನ ಮೀರಿ ಬಾಕಿ ಉಳಿದರೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಬೆಳೆಸಾಲಕ್ಕೆ ಲೆಕ್ಕ ಬೇರೆ: ರಾಗಿ, ಜೋಳದಂಥ ಕಡಿಮೆ ಅವಧಿಯ ಬೆಳೆಗೆ ಎರಡು ಹಂಗಾಮು, ವರ್ಷ ದಾಟುವ ಬೆಳೆಗೆ ಒಂದು ಹಂಗಾಮು. ಒಮ್ಮೆ ಎನ್‌ಪಿಎ ಆದ ಮೇಲೆ ಬಾಕಿ ಇರುವ ಎಲ್ಲ ಕಂತು, ಎಲ್ಲ ಬಡ್ಡಿ ಕಟ್ಟಿದರೆ ಮಾತ್ರ ಖಾತೆ ಮೊದಲಿನಂತಾಗುತ್ತದೆ. ಅದಕ್ಕೇ 30ನೇ ದಿನ, 60ನೇ ದಿನ ಬರುವ ಫೋನನ್ನು ಕಟ್ ಮಾಡಬೇಡಿ ಅನ್ನುವುದು. ಮಾತಾಡಲು ಅವೇ ಒಳ್ಳೆ ದಿನಗಳು.

ಬರ ಪರಿಹಾರದ ದುಡ್ಡು ಬಂದ ದಿನವೇ ಬ್ಯಾಂಕಿನವರು ಸಾಲಕ್ಕೆ ಹಿಡ್ಕೊಂಡ್ರು. ಕೇಳೋರೇ ಇಲ್ವಾ?

ಇದ್ದಾರೆ. 2024ರಲ್ಲಿ ಬರ ಪರಿಹಾರ ಬಂದಾಗ ಅದನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬಾರದು ಅಂತ ರಾಜ್ಯ ಸರ್ಕಾರವೇ ಬ್ಯಾಂಕುಗಳಿಗೆ ಸೂಚಿಸಿತ್ತು. ಶಾಖೆಗೆ ಲಿಖಿತವಾಗಿ ಕೊಡಿ, ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಲೀಡ್ ಬ್ಯಾಂಕಿಗೆ. ಒಂದು ತಾಯಿ ಹೀಗೆ ಹಿಡಿದಿದ್ದ ದುಡ್ಡಿಗೆ ಮೂರು ಸಲ ಅರ್ಜಿ ಹಿಡಿದು ಓಡಾಡಿ ವಾಪಸ್ ಪಡೆದರು. ಮಗಳ ಶಾಲೆ ಫೀಸಿಗೆ ಇಟ್ಟುಕೊಂಡಿದ್ದ ದುಡ್ಡು ಅದು.

ಬಡ್ಡಿ ಅಸಲಿಗಿಂತ ಜಾಸ್ತಿ ಆಗಿದೆ. ಇದು ನ್ಯಾಯಾನಾ?

ಸಣ್ಣ, ಅತಿಸಣ್ಣ ರೈತರ ಅಲ್ಪಾವಧಿ ಸಾಲಕ್ಕೆ ಬ್ಯಾಂಕು ಹಾಕುವ ಒಟ್ಟು ಬಡ್ಡಿ ಅಸಲನ್ನು ಮೀರಬಾರದು ಅನ್ನುವುದು ಆರ್‌ಬಿಐ ನಿಯಮ. ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿ ಕೂಡಿ ನೋಡಿ. ಬೇರೆ ಸಾಲಗಳಲ್ಲೂ, 2024ರಿಂದ, ತಡವಾದದ್ದಕ್ಕೆ ಹಾಕುವ ದಂಡವನ್ನು ಬಡ್ಡಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಳೆಯುವಂತಿಲ್ಲ.

ವಸೂಲಿಯವರು ಮನೆ ಮುಂದೆ ಬಂದು ಕೂಗಾಡ್ತಾರೆ.

ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಷ್ಟರ ಮುಂದೆ ಮಾನ ಕಳೆಯುವಂತಿಲ್ಲ. ರೆಕಾರ್ಡ್ ಮಾಡಿಕೊಳ್ಳಿ, ಬ್ಯಾಂಕಿಗೂ ಪೊಲೀಸ್ ಠಾಣೆಗೂ ದೂರು ಕೊಡಿ. ನೋಂದಣಿ ಇಲ್ಲದ ಲೇವಾದೇವಿಯವರ ಕಾಟಕ್ಕೆ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನು ತಂದಿದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಅಪ್ಪ ಯಾರ ಜೊತೆಗೂ ಮಾತಾಡ್ತಿಲ್ಲ, ರಾತ್ರಿ ನಿದ್ದೆ ಇಲ್ಲ. ಸಾಲ ಎಷ್ಟಿದೆ ಅಂತಾನೂ ಹೇಳಲ್ಲ.

ಇವತ್ತೇ ಪಕ್ಕದಲ್ಲಿ ಕೂತುಕೊಳ್ಳಿ. ಬೈಯಬೇಡಿ, ಲೆಕ್ಕ ಕೇಳಬೇಡಿ, ಮೊದಲು ಊಟ ಮಾಡಿಸಿ. ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಲದ ಕಾಗದಗಳನ್ನು ಒಟ್ಟುಮಾಡಿ ಬ್ಯಾಂಕಿಗೆ ಹೋಗುವ ಕೆಲಸ ನೀವು ಮಾಡಿ. ಜಮೀನು ಹೋಗಿಬಿಡುತ್ತದೆ ಅನ್ನುವ ಭಯದಲ್ಲೇ ಎಷ್ಟೋ ಜನ ಕುಸಿಯುತ್ತಾರೆ. ಮುಂದಿನ ಉತ್ತರವನ್ನು ಅವರಿಗೆ ಓದಿ ಹೇಳಿ.

## ನೋಟಿಸ್ ಬಂದಾಗ

ಸರ್ಫೇಸಿ ನೋಟಿಸ್ ಬಂದಿದೆ. ಹೊಲ ಹರಾಜು ಹಾಕ್ತಾರಾ?

ಸರ್ಫೇಸಿ ಅಂದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ಹೋಗದೆಯೇ ಹಿಡಿದು ಮಾರಲು ಬಿಡುವ 2002ರ ಕಾಯ್ದೆ. ಅದು ಕೃಷಿ ಜಮೀನಿಗೆ ಅನ್ವಯವಾಗುವುದಿಲ್ಲ. ಬಾಕಿ 1 ಲಕ್ಷ ಮೀರದಿದ್ದರೂ ಇಲ್ಲ, ಅಸಲು ಬಡ್ಡಿ ಸೇರಿದ ಮೊತ್ತದ 20%ಗಿಂತ ಕಡಿಮೆ ಬಾಕಿ ಇದ್ದರೂ ಇಲ್ಲ. ಹಾಗಂತ ನೋಟಿಸನ್ನು ಮಾಡಿಗೆ ಸಿಕ್ಕಿಸಿ ಮರೆಯಬೇಡಿ, ಬ್ಯಾಂಕಿಗೆ ಕೋರ್ಟಿನ ದಾರಿ ಇದ್ದೇ ಇದೆ. ಅಂಗಡಿ, ಮನೆ, ಶೆಡ್ಡು ಅಡವಿಟ್ಟಿದ್ದರೆ ಈ ಕಾಯ್ದೆ ಬರುತ್ತದೆ. ಮೊದಲ ನೋಟಿಸಿನಿಂದ 60 ದಿನ ಸಮಯ. ಆ 60 ದಿನದಲ್ಲಿ ಆಕ್ಷೇಪಣೆ ಬರೆದು ಕೊಡಿ, 15 ದಿನದೊಳಗೆ ಬ್ಯಾಂಕು ಉತ್ತರಿಸಲೇಬೇಕು. ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಈ ಹಂತದಲ್ಲಿ ವಕೀಲರು ಬೇಕೇ ಬೇಕು.

ಓಟಿಎಸ್ ಮಾಡಿಕೊಂಡ್ರೆ ಮುಂದೆ ಸಾಲ ಸಿಗಲ್ವಂತೆ?

ಓಟಿಎಸ್ ಅಂದರೆ ಬ್ಯಾಂಕು ಸ್ವಲ್ಪ ಬಿಟ್ಟು, ಒಪ್ಪಿದ ಮೊತ್ತಕ್ಕೆ ಸಾಲ ಮುಗಿಸುವುದು. ಆಗ ಸಾಲಗಾರರ ಚರಿತ್ರೆ ಇಡುವ ಸಿಬಿಲ್‌ನಲ್ಲಿ "ಸೆಟಲ್ಡ್" ಅಂತ ಬರುತ್ತದೆ. ಪೂರ್ತಿ ಕಟ್ಟಿದವರದು "ಕ್ಲೋಸ್ಡ್". ಕೆಲವು ವರ್ಷ ತೊಂದರೆಯಾಗುತ್ತದೆ, ಸುಳ್ಳು ಹೇಳಲ್ಲ. ಆದರೆ ಬೇರೆ ದಾರಿಯೇ ಇಲ್ಲದಿದ್ದರೆ ಮಾಡಿಕೊಳ್ಳಿ. ಬ್ಯಾಂಕಿನ ಒಪ್ಪಿಗೆ ಪತ್ರ ಕೈಗೆ ಬರದೆ ಒಂದು ರೂಪಾಯಿಯೂ ಕಟ್ಟಬೇಡಿ, ಬಂದ ಮೇಲೆ ಹೇಳಿದ ತಾರೀಖು ತಪ್ಪಿಸಬೇಡಿ. ಲೋಕ ಅದಾಲತ್‌ನಲ್ಲೂ ಮಾತಾಡಬಹುದು, ಅಲ್ಲಿ ಶುಲ್ಕವಿಲ್ಲ.

ಬ್ಯಾಂಕಿನವರು ಯಾವ ಪತ್ರಕ್ಕೂ ಉತ್ತರ ಕೊಡ್ತಿಲ್ಲ.

30 ದಿನ ಕಾಯಿರಿ. ಆಮೇಲೆ ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಬರೆಯಿರಿ, ಉಚಿತ. ಹೇಗೆ ಅಂತ ತಿಳಿಯಲು 14448ಕ್ಕೆ ಫೋನ್ ಮಾಡಿ. ಸೀಲು ಹಾಕಿಸಿಕೊಂಡ ಪ್ರತಿ ಈಗ ಕೆಲಸಕ್ಕೆ ಬರುತ್ತದೆ.

ಸಾಲ ಪೂರ್ತಿ ತೀರಿಸಿ ಎರಡು ತಿಂಗಳಾಯ್ತು, ಪತ್ರಗಳನ್ನು ಇನ್ನೂ ಕೊಟ್ಟಿಲ್ಲ.

ತೀರಿಸಿದ 30 ದಿನದೊಳಗೆ ಕೊಡಬೇಕು. ತಪ್ಪು ಬ್ಯಾಂಕಿನದಾದರೆ ಆಮೇಲಿನ ಪ್ರತಿ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು, 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಪತ್ರದ ಜೊತೆ ಋಣಮುಕ್ತ ಪತ್ರವನ್ನೂ ತೆಗೆದುಕೊಳ್ಳಿ, ಪಹಣಿಯಲ್ಲಿ ಬೋಜಾ ಇಳಿಸಿ, ಹೊಸ ಪಹಣಿ ತೆಗೆಸಿ 11ನೇ ಕಲಂ ಖಾಲಿ ಇದೆಯಾ ಅಂತ ನಿಮ್ಮ ಕಣ್ಣಲ್ಲೇ ನೋಡಿ.